ಒನಕೆ ನಿಂತ ಮಧ್ಯಾಹ್ನ

1980ರ ಫೆಬ್ರವರಿ 16 ಶನಿವಾರವಾಗಿತ್ತು, ಅಮಾವಾಸ್ಯೆಯೂ ಆಗಿತ್ತು. ಆ ಮಧ್ಯಾಹ್ನ ಚಂದ್ರನ ದಟ್ಟ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಕಾರವಾರ, ಅಂಕೋಲಾಗಳ ಕಡೆಯಿಂದ ನೆಲವನ್ನೇರಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಒಡಿಶಾದ ಕರಾವಳಿಯತ್ತ ಸಾಗಿತು. ಸೂರ್ಯನ ಹೊರಾವರಣವಾದ ಕರೋನಾವನ್ನು ಅಭ್ಯಸಿಸಲು ವಿಜ್ಞಾನಿಗಳು ದೂರದೂರದಿಂದ ಉಪಕರಣಗಳನ್ನು ತಂದು ಈ ಪಟ್ಟಿಯುದ್ದಕ್ಕೂ ಬೀಡುಬಿಟ್ಟಿದ್ದರು. ಹುಬ್ಬಳ್ಳಿಯ ಹತ್ತಿರವೂ ಒಂದು ಶಿಬಿರವಿತ್ತು. ಪೂರ್ಣ ಸೂರ್ಯಗ್ರಹಣವು ಒಂದು ಊರಿಗೆ ಮತ್ತೆ ಬರಬೇಕಾದರೆ ಸರಾಸರಿ ಸುಮಾರು 375 ವರ್ಷ ಬೇಕೆಂದು ಲೆಕ್ಕ ಹೇಳುತ್ತದೆ. ಹತ್ತು ತಲೆಮಾರುಗಳಿಗೆ ಒಮ್ಮೆ ಬರುವಂಥ ಆ ನೋಟವನ್ನು ಗದಗಿನ ಜನ ತಮ್ಮ ಅಂಗಳದಲ್ಲಿ ನಿಂತೇ ಕಾಣಬಹುದಾಗಿತ್ತು. ಗದಗಿನ ಜನ ಬಾಗಿಲು ಹಾಕಿಕೊಂಡು, ಕಿಟಕಿಗಳಿಗೆ ಕೌದಿ ಇಳಿಬಿಟ್ಟು ಒಳಗೆ ಕುಳಿತರು.

ನಾನಾಗ ಒಂಬತ್ತು ವರ್ಷದವನು. ಅಪ್ಪ ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ಆ ವಾರವಿಡೀ ಅವರು ಕಂದೀಲು, ತೆಂಗಿನಕಾಯಿ, ಲಿಂಬೆಹಣ್ಣುಗಳನ್ನು ಮೇಜಿನ ಮೇಲಿಟ್ಟುಕೊಂಡು ಹುಡುಗರಿಗೆ ಗ್ರಹಣವನ್ನು ತೋರಿಸಿದ್ದರು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನತ್ತ ಬೆನ್ನು ತಿರುಗಿಸಿ ನಿಂತು, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸುವುದನ್ನು ಕಲಿಸಿದ್ದರು. ನಲವತ್ತು ಹುಡುಗರ ಆ ವರ್ಗದಿಂದ ಶನಿವಾರ ಮೈದಾನಕ್ಕೆ ಬಂದವರು ಆರು ಮಂದಿ. ಏಳನೆಯವನು ನಾನು, ಅದೂ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಅಪ್ಪನಿಗೆ ಹೇಳಬಾರದ್ದನ್ನೆಲ್ಲ ಹೇಳಿದ ಮೇಲೆ.

ಹೊರಡುವ ಮುನ್ನ ಮನೆಯಲ್ಲಿ ಕಂಡದ್ದನ್ನೂ ಹೇಳಬೇಕು. ಗ್ರಹಣ ಹಿಡಿದಿತೆಂದು ಗೊತ್ತಾದ ಕೂಡಲೇ ಅಜ್ಜಿ ಹಿತ್ತಾಳೆಯ ತಾಟಿನಲ್ಲಿ ನೀರು ಹಾಕಿ, ಅದರ ನಡುವೆ ಕುಟ್ಟುವ ಒನಕೆಯನ್ನು ನೆಟ್ಟಗೆ ನಿಲ್ಲಿಸಿ ಕೈಬಿಟ್ಟಳು. ಒನಕೆ ನಿಂತಿತು. ಗ್ರಹಣವಿರುವವರೆಗೆ ಅದು ನಿಲ್ಲುತ್ತದೆ, ಬಿಟ್ಟ ಕೂಡಲೇ ತಾನಾಗಿಯೇ ಬೀಳುತ್ತದೆ ಎಂಬುದು ನಮ್ಮ ಕಡೆಯ ಮಾತು. ಈಗಲೂ ಗ್ರಹಣದ ಮರುದಿನ ಗದಗ, ಹಾವೇರಿ ಕಡೆಯ ಯಾವುದೋ ಹಳ್ಳಿಯಲ್ಲಿ ಒನಕೆ ನಿಂತ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಒಳಗಿನ ಕೋಣೆಯಲ್ಲಿ ಅವ್ವ ಗೋಡೆಗೆ ಆತು ಕುಳಿತಿದ್ದಳು. ಅವಳು ಆಗ ಆರು ತಿಂಗಳ ಬಸುರಿ. ಅಲುಗಾಡಬಾರದು, ಏನನ್ನೂ ಹೆಚ್ಚಬಾರದು, ತಿನ್ನಬಾರದು, ಕುಡಿಯಬಾರದು ಎಂದು ಅಜ್ಜಿ ಅವಳನ್ನು ಅಲ್ಲಿ ಕೂರಿಸಿದ್ದಳು.

ಮೂರೂಮುಕ್ಕಾಲರ ಸುಮಾರಿಗೆ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿ, ಆಮೇಲೆ ಬೂದಿಯ ಬಣ್ಣಕ್ಕಿಳಿದು, ಒಮ್ಮೆಲೇ ಆರಿಹೋಯಿತು. ಶಾಲೆಯ ಹಿಂದಿನ ಬೇವಿನ ಮರಕ್ಕೆ ಕಾಗೆಗಳು ಗುಂಪುಗುಂಪಾಗಿ ಬಂದು ಕೂತವು. ಸುಮಾರು ಎರಡೂವರೆ ನಿಮಿಷ ಸೂರ್ಯನಿದ್ದ ಜಾಗದಲ್ಲಿ ಕಪ್ಪು ಬಿಲ್ಲೆಯೊಂದಿತ್ತು, ಅದರ ಸುತ್ತ ಬೆಳ್ಳಿಯ ಕೂದಲಿನಂಥ ಬೆಳಕಿತ್ತು. ಹುಡುಗರಲ್ಲಿ ಒಬ್ಬ ಅಳತೊಡಗಿದ. ಅಪ್ಪ ಏನನ್ನೂ ವಿವರಿಸಲಿಲ್ಲ; ಮಾತಿಲ್ಲದೆ ತಲೆಯೆತ್ತಿ ನಿಂತಿದ್ದರು.

ಮನೆಗೆ ಬಂದ ಮೇಲೆ ನಡೆದದ್ದು ನನಗೆ ಗ್ರಹಣಕ್ಕಿಂತ ಹೆಚ್ಚು ನೆನಪಿದೆ. ಅಪ್ಪ ಅಂಗಿ ಕಳಚಿ ನೇರವಾಗಿ ಬಚ್ಚಲಿಗೆ ಹೋದರು, ತಲೆಯ ಮೇಲೆ ತಣ್ಣೀರು ಸುರಿದುಕೊಂಡರು, ನನ್ನ ಮೇಲೂ ಸುರಿದರು. ಒಂದು ವಾರ ಕಂದೀಲು ಹಿಡಿದು ಪಾಠ ಮಾಡಿದ ಮನುಷ್ಯ ಇವರೇ ಎಂಬುದು ನನಗೆ ನಂಬಲಾಗಲಿಲ್ಲ. "ಅಪ್ಪಾ, ನೆರಳಿಗೆ ಮೈಲಿಗಿ ಇರ್ತೈತೇನು?" ಎಂದು ಕೇಳಿದೆ. "ನೆರಳಿಗಿಲ್ಲೋ, ನಿಮ್ಮ ಅಜ್ಜಿಗೆ ಐತಿ" ಎಂದರು.

ಮರುದಿನ ಭಾನುವಾರ ಅವರು ಅದೇ ತಾಟು, ಅದೇ ನೀರು, ಅದೇ ಒನಕೆಯನ್ನು ತಂದು ಪಡಸಾಲೆಯಲ್ಲಿ ನಿಲ್ಲಿಸಿದರು. ಬುಡ ಸಪಾಟಾಗಿದ್ದ ಒನಕೆ ಅಂದೂ ನಿಂತಿತು. ಅಜ್ಜಿಯನ್ನು ಕರೆದು ತೋರಿಸಿದರು. ಅವಳು ಒಮ್ಮೆ ನೋಡಿ, "ನಿನ್ನಿ ನಿಂತಿತ್ತಲ್ಲ, ಅಷ್ಟ ಸಾಕು" ಎಂದು ಒಳಗೆ ಹೋದಳು.

ಅಜ್ಜಿಯ ಆ ಮಾತನ್ನು ನಾನು ಬಹುಕಾಲ ಅಜ್ಞಾನವೆಂದೂ, ಅಪ್ಪನ ಸ್ನಾನವನ್ನು ಅಂಜುಬುರುಕತನವೆಂದೂ ತಿಳಿದಿದ್ದೆ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ಈ ತೀರ್ಮಾನ ಇನ್ನಷ್ಟು ಗಟ್ಟಿಯಾಯಿತು; ಇಪ್ಪತ್ತರ ವಯಸ್ಸಿನಲ್ಲಿ ಎಲ್ಲರ ಇಬ್ಬಂದಿತನವೂ ಕಣ್ಣಿಗೆ ಬೀಳುತ್ತದೆ, ತನ್ನದೊಂದನ್ನು ಬಿಟ್ಟು. ಅದನ್ನು ಅಲುಗಾಡಿಸಿದ್ದು, ವಿಚಿತ್ರವೆಂದರೆ, ಭಾರತೀಯ ಗಣಿತದ ಇತಿಹಾಸ.

ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಸ್ಪಷ್ಟವಾಗಿ ಬರೆದಿದ್ದ: ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು. ಆರನೆಯ ಶತಮಾನದ ವರಾಹಮಿಹಿರನೂ ರಾಹುವು ಗ್ರಹಣಕ್ಕೆ ಕಾರಣನಲ್ಲವೆಂದು ವಾದಿಸಿ, ಆದರೂ ಗ್ರಹಣಕಾಲದ ದಾನ, ಹೋಮಗಳಲ್ಲಿ ರಾಹುವಿಗೆ ಪಾಲು ಸಿಗಲೆಂದು ಬ್ರಹ್ಮ ವರ ಕೊಟ್ಟಿದ್ದಾನೆಂದು ಹೇಳಿ ಒಂದು ದಾರಿ ಮಾಡಿಕೊಟ್ಟ. ಸೊನ್ನೆಯ ಗಣಿತಕ್ಕೆ ನಿಯಮಗಳನ್ನು ಬರೆದ ಬ್ರಹ್ಮಗುಪ್ತ 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಇವರಿಬ್ಬರ ಮೇಲೂ ಹರಿಹಾಯ್ದ. ರಾಹು ಕಾರಣನಲ್ಲವೆಂದು ಹೇಳುವುದು ಶಾಸ್ತ್ರಕ್ಕೂ ಲೋಕದ ಮಾತಿಗೂ ವಿರುದ್ಧ ಎಂದ. ಆಮೇಲೆ ಅದೇ ಗ್ರಂಥದಲ್ಲಿ ಗ್ರಹಣವನ್ನು ಲೆಕ್ಕ ಹಾಕುವ ಕ್ರಮವನ್ನು ಹೇಳುವಾಗ ಚಂದ್ರನ ಬಿಂಬವನ್ನೂ ಭೂಮಿಯ ನೆರಳಿನ ಅಳತೆಯನ್ನೂ ಬಳಸಿದನೇ ಹೊರತು ರಾಹುವಿನ ಹಲ್ಲುಗಳನ್ನಲ್ಲ. ಹನ್ನೊಂದನೆಯ ಶತಮಾನದಲ್ಲಿ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿಗೆ ತಡೆಯಲಾರದ ಬೇಸರವಾಯಿತು. ಇಷ್ಟು ಬುದ್ಧಿಯುಳ್ಳವನು ತನ್ನ ಆತ್ಮಸಾಕ್ಷಿಗೆ ವಿರುದ್ಧವಾಗಿ ಹೀಗೆ ಬರೆದಿರಬೇಕಾದರೆ, ಸಾಕ್ರೆಟೀಸನಿಗೆ ಒದಗಿದಂಥ ಯಾವುದೋ ಆಪತ್ತು ಅವನಿಗೂ ಒದಗಿರಬೇಕು ಎಂದು ಊಹಿಸಿದ.

ಅಲ್ ಬಿರೂನಿಯ ಊಹೆ ಸರಿಯಿರಲೂಬಹುದು. ಆದರೆ ಬ್ರಹ್ಮಗುಪ್ತನ ವಾದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಎಳೆ. ರಾಹು ಇಲ್ಲವೆಂದರೆ ಗ್ರಹಣಕಾಲದ ಸ್ನಾನ, ಜಪ, ಹೋಮಗಳಿಗೆ ಫಲವಿಲ್ಲವೆಂದಾಗುತ್ತದೆ, ಅದು ಆಗಕೂಡದು ಎಂಬುದು ಅವನ ಚಿಂತೆ. ಆಕಾಶದಲ್ಲಿ ಏನಿದೆ ಎಂಬುದರ ಬಗ್ಗೆ ಅವನಿಗೆ ಗೊಂದಲವೇ ಇರಲಿಲ್ಲ. ನದಿಯ ದಂಡೆಯಲ್ಲಿ ನೆರೆದ ಜನ ಮಾಡುತ್ತಿದ್ದ ಸ್ನಾನದ ಬಗ್ಗೆ ಅವನಿಗೆ ಆತಂಕವಿತ್ತು. ಅದನ್ನು ಓದಿದಾಗ ನನಗೆ ನಮ್ಮ ಬಚ್ಚಲಮನೆ ಕಂಡಿತು.

ನಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೊಂದು ಪದವೇ ಇದೆ. ಗದಗು, ಹಾವೇರಿ, ಧಾರವಾಡಗಳ ಹಳ್ಳಿಗಳಲ್ಲಿ ಯಾರನ್ನಾದರೂ ಮನೆದೇವರ ಬಗ್ಗೆ ಕೇಳಿದರೆ, "ನಾವು ಎಲ್ಲಮ್ಮನ್ನ ನಂಬತೀವಿ" ಎನ್ನುವುದು ಕಡಿಮೆ. "ನಾವು ಎಲ್ಲಮ್ಮಗ ನಡಕೋತೀವಿ" ಎನ್ನುತ್ತಾರೆ. ಸವದತ್ತಿಯ ಗುಡ್ಡದಲ್ಲಿ ದೇವಿ ನಿಜವಾಗಿ ವಾಸವಾಗಿದ್ದಾಳೆ ಎಂಬ ಹೇಳಿಕೆ ಆ ಮಾತಿನಲ್ಲಿಲ್ಲ. ಹುಣ್ಣಿಮೆಗೆ ಹೋಗುತ್ತೇವೆ, ಎಡೆ ಹಿಡಿಯುತ್ತೇವೆ, ಹರಕೆ ತೀರಿಸುತ್ತೇವೆ, ನಮ್ಮ ಹಿರಿಯರು ಹಾಗೆ ಮಾಡಿಕೊಂಡು ಬಂದಿದ್ದಾರೆ ಎಂಬುದಷ್ಟೇ ಅದರಲ್ಲಿದೆ. ನಂಬುವುದೆಂಬ ಪದ ಬಂದಾಗಲೂ ಅದರ ಅರ್ಥ ಬೇರೆ. "ಮಳಿ ನಂಬಿ ಬಿತ್ತೇನಿ" ಎನ್ನುವ ರೈತ ಮಳೆ ಬಂದೇ ಬರುತ್ತದೆಂದು ತಿಳಿದಿಲ್ಲ. ಬರದೆಯೂ ಹೋಗಬಹುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನು ತನ್ನ ಬೀಜವನ್ನೂ ಸಾಲವನ್ನೂ ಮಳೆಯ ಕೈಗೆ ಒಪ್ಪಿಸಿದ್ದಾನೆ, ಅಷ್ಟೇ. ಓದಿದವರಾದ ನಾವು ಈ ನಡೆಯನ್ನೂ ಈ ಒಪ್ಪಿಸಿಕೊಳ್ಳುವಿಕೆಯನ್ನೂ ಒಂದು ಸಿದ್ಧಾಂತವೆಂಬಂತೆ ಬರೆದುಕೊಂಡು, ಭೌತಶಾಸ್ತ್ರದ ಪಕ್ಕದಲ್ಲಿಟ್ಟು, ಎರಡೂ ತಾಳೆಯಾಗುವುದಿಲ್ಲವೆಂದು ಅಚ್ಚರಿಪಡುತ್ತೇವೆ.

ರಾಣೆಬೆನ್ನೂರು ತಾಲ್ಲೂಕಿನಲ್ಲಿದ್ದ ನನ್ನ ಸೋದರಮಾವ ಈ ವಿಷಯದಲ್ಲಿ ನನಗೆ ದೊಡ್ಡ ಪಾಠ. ಅವರು ಪ್ರತಿವರ್ಷ ನವರಾತ್ರಿಯಲ್ಲಿ ದೇವರಗುಡ್ಡದ ಕಾರ್ಣಿಕಕ್ಕೆ ಹೋಗುತ್ತಿದ್ದರು. ಅಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಕೂಗಿ, ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಒಂದೇ ಒಂದು ಸಾಲನ್ನು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಯಾವಾಗಲೂ ಚಿಕ್ಕದು, ಯಾವಾಗಲೂ ಒಗಟಿನಂಥದ್ದು. ಅದಕ್ಕೆ ಮಳೆ, ಬೆಳೆ, ರಾಜಕಾರಣ ಎಲ್ಲದರ ಅರ್ಥವನ್ನೂ ಹಚ್ಚುತ್ತ ಜನ ಎತ್ತಿನ ಗಾಡಿಗಳಲ್ಲಿ, ಈಗೀಗ ಟ್ರ್ಯಾಕ್ಟರುಗಳಲ್ಲಿ, ಊರಿಗೆ ಮರಳುತ್ತಾರೆ. ಮಳೆ ಕೈಕೊಟ್ಟ ವರ್ಷ ಮಾವನ ಊರಿನಲ್ಲಿ ಮಳೆಯನ್ನು ಕರೆಯುವ ಗುರ್ಜಿಯೂ ನಡೆಯುತ್ತಿತ್ತು: ಹುಡುಗನ ತಲೆಯ ಮೇಲೆ ರೊಟ್ಟಿಯ ಹಂಚು, ಅದರ ಮೇಲೆ ಸಗಣಿಯ ಗುರ್ಜಿ, ಮನೆಮನೆಯ ಮುಂದೆ ಅದಕ್ಕೆ ತಂಬಿಗೆ ನೀರು. ಇಷ್ಟೆಲ್ಲ ನಡೆದುಕೊಳ್ಳುವ ಮನುಷ್ಯ ಯಾವತ್ತಾದರೂ ಗೊರವಯ್ಯನ ಮಾತು ಕೇಳಿ ಬಿತ್ತಿದ್ದಾರೆಯೇ ಎಂದು ಒಮ್ಮೆ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಿತ್ತೂದು ಹಸಿ ನೋಡಿ. ಮೊಳಕೈ ಮಣ್ಣು ತಗದ ನೋಡಬೇಕು. ಕಾರ್ಣಿಕಕ್ಕೂ ಅದಕ್ಕೂ ಏನ್ ಸಂಬಂಧ?" ಎಂದರು. ಕೊನೆಯ ವರ್ಷಗಳಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಮೊಬೈಲಿನಲ್ಲಿ ಮಗನಿಂದ ಓದಿಸಿ ಕೇಳುತ್ತಿದ್ದರು; ಅದನ್ನೂ ಕಾರ್ಣಿಕದ ಹಾಗೆಯೇ ಆಲಿಸಿ, ಎದ್ದು ಹೋಗಿ ಮಣ್ಣು ತೆಗೆದು ನೋಡುತ್ತಿದ್ದರು.

ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಒಂದು ಶತಮಾನದ ಹಿಂದೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರವಾದದ್ದೇ. ದಂಡೆಯೊಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿಯವರು ಯಾವ ಮಂತ್ರವನ್ನೂ ಹೇಳುತ್ತಿರಲಿಲ್ಲ. ಜೀವಕ್ಕೆ ಅಪಾಯವಿರುವ, ಮೀನು ಸಿಗುವುದು ಖಚಿತವಿಲ್ಲದ ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರ ಬೇಕಾಗುತ್ತಿತ್ತು. ಆಯುಧಪೂಜೆಯ ದಿನ ಹುಬ್ಬಳ್ಳಿಯ ಯಾವುದೇ ಬಸ್ ಡಿಪೋದ ಮುಂದೆ ನಿಂತರೆ ಇದೇ ಕಾಣುತ್ತದೆ: ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವ ಮೆಕ್ಯಾನಿಕ್ ಬ್ರೇಕನ್ನು ಆಗಲೇ ನೋಡಿರುತ್ತಾನೆ. ಲಿಂಬೆಹಣ್ಣು ಬ್ರೇಕಿನ ನಂತರ ಉಳಿಯುವ ರಸ್ತೆಗಾಗಿ.

ಇಲ್ಲಿಗೆ ನಿಲ್ಲಿಸಿದರೆ ಬಹಳ ಹಿತವಾದ ಬರಹವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಮಾವನ ಹೊಲದಲ್ಲಿ ದುಡಿಯುತ್ತಿದ್ದ ಆಳೊಬ್ಬ ಒಂದು ರಾತ್ರಿ ನೆಲದ ಮೇಲೆ ಮಲಗಿದ್ದಾಗ ಹಾವು ಕಡಿಯಿತು. ಕಟ್ಟುಹಾವು ಇರಬೇಕು, ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯುವುದಿಲ್ಲ, ಕೆಲವು ತಾಸು ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ಆಮೇಲೆ ರೆಪ್ಪೆಗಳು ಜೋತುಬಿದ್ದು, ಮಾತು ತೊದಲಿ, ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅವನನ್ನು ಮಂತ್ರ ಹಾಕುವ ಅಜ್ಜನ ಬಳಿಗೆ ಒಯ್ದರು. ಬೆಳಗಿನ ಜಾವ ದವಾಖಾನೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಆ ಅಜ್ಜ ಮೋಸಗಾರನಾಗಿರಲಿಲ್ಲ, ದುಡ್ಡು ಮುಟ್ಟುತ್ತಿರಲಿಲ್ಲ. ಊರಿನಲ್ಲಿ ಅವನ ಕೈಯಿಂದ ಬದುಕಿದವರೆಂದು ಎದುರಿಗೆ ಬಂದು ಹೇಳುವ ಹತ್ತಾರು ಮಂದಿ ಇದ್ದರು. ಅವರ ಮಾತೂ ಸುಳ್ಳಲ್ಲ. ಕಡಿಯುವ ಹಾವುಗಳಲ್ಲಿ ವಿಷವಿಲ್ಲದವೇ ಬಹಳ, ವಿಷದ ಹಾವೂ ಪ್ರತಿಸಲ ವಿಷ ಬಿಡುವುದಿಲ್ಲ. ಹಾಗಾಗಿ ಏನೂ ಮಾಡದವನ ಕೈಯಿಂದಲೂ ಹೆಚ್ಚಿನವರು ಬದುಕುತ್ತಾರೆ, ಸತ್ತವರು ಸಾಕ್ಷಿ ಹೇಳಲು ಬರುವುದಿಲ್ಲ. ಹೊಲದ ಹಸಿ ಮೊಳಕೈ ಮಣ್ಣಿನಲ್ಲಿ ನಿಜವನ್ನು ಹೇಳುತ್ತದೆ, ಹಾವಿನ ಕಡಿತ ಹಾಗೆ ಹೇಳುವುದಿಲ್ಲ. ಮಾವನಂಥ ಜಾಣರೂ ಮೋಸಹೋದದ್ದು ಅನುಭವವನ್ನು ನಂಬದೆ ಅಲ್ಲ, ಅನುಭವವನ್ನೇ ನಂಬಿ. ಇಂಥಲ್ಲಿ ಎಣಿಸುವುದಕ್ಕೆ, ಬದುಕಿದವರನ್ನೂ ಸತ್ತವರನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದಕ್ಕೆ ವಿಜ್ಞಾನವೇ ಬೇಕು, ಬೇರೆ ದಾರಿಯಿಲ್ಲ.

ಆ ಸಾವಿನ ನಂತರ ಮಾವ ಮಂತ್ರವನ್ನು ಬಿಟ್ಟರೆಂದು ಹೇಳಲಾರೆ. ಕ್ರಮವನ್ನು ಬದಲಿಸಿದರು. "ಮೊದಲ ಸೂಜಿ, ಆಮ್ಯಾಲ ದಾರ" ಎಂದು ಊರಿಗೆಲ್ಲ ಹೇಳುತ್ತಿದ್ದರು. ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು ಬಂದವನಿಗೆ ಆ ಅಜ್ಜ ಅರಿಸಿನದ ದಾರ ಕಟ್ಟುತ್ತಿದ್ದ. ಇಷ್ಟು ಚೊಕ್ಕ ಆರೋಗ್ಯ ಪ್ರಚಾರವನ್ನು ಯಾವ ಗೋಡೆಬರಹದಲ್ಲೂ ನಾನು ಕಂಡಿಲ್ಲ.

ಸೂಜಿಯೇ ಸೋತಲ್ಲಿ ಏನಾಗುತ್ತದೆ? ನಮ್ಮ ಚಿಗವ್ವನ ಮಗಳ ಮೊದಲ ಕೂಸು ಹೃದಯದಲ್ಲಿ ರಂಧ್ರವಿದ್ದು ಏಳು ತಿಂಗಳಿಗೆ ತೀರಿಕೊಂಡಿತು. ಹುಬ್ಬಳ್ಳಿಯ ವೈದ್ಯರು ತಾಳ್ಮೆಯಿಂದ ಚಿತ್ರ ಬರೆದು ವಿವರಿಸಿದ್ದರು; ಸಾವಿರ ಕೂಸುಗಳಲ್ಲಿ ಸುಮಾರು ಎಂಟಕ್ಕೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ, ತಾಯಿಯ ತಪ್ಪೇನೂ ಇಲ್ಲ ಎಂದು ಹೇಳಿದ್ದರು. ಅವಳು ಪದವೀಧರೆ, ಅದನ್ನು ತಪ್ಪಿಲ್ಲದೆ ತಿಳಿದುಕೊಂಡು ಬಂದವರಿಗೆಲ್ಲ ತಪ್ಪಿಲ್ಲದೆ ಹೇಳಿದಳು. ಆಮೇಲೆ ಬನದ ಹುಣ್ಣಿಮೆಗೆ ಸವದತ್ತಿಗೆ ಹೋದಳು. ನಾನು ಏನೂ ಕೇಳಿರಲಿಲ್ಲ, ಆದರೂ ಬಂದ ಮೇಲೆ ತಾನಾಗಿಯೇ ಹೇಳಿದಳು: "ಅಣ್ಣಾ, ಹೆಂಗಾತು ಅಂತ ಡಾಕ್ಟರು ಹೇಳಿದ್ರು. ಆ ಎಂಟರಾಗ ನಂದ ಯಾಕ ಅಂತ ಕೇಳಿದ್ರ ಸುಮ್ನಾದ್ರು." 1937ರಲ್ಲಿ ಪ್ರಕಟವಾದ ತನ್ನ ಅಧ್ಯಯನದಲ್ಲಿ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಬರೆದದ್ದು ಇದೇ. ಗೆದ್ದಲು ತಿಂದ ಕಣಜ ಬೀಳುತ್ತದೆಂದು ಅವರಿಗೂ ಗೊತ್ತು. ಅದರ ನೆರಳಲ್ಲಿ ಇಂಥವನೇ ಕೂತ ಹೊತ್ತಿಗೇ ಅದು ಯಾಕೆ ಬಿತ್ತು ಎಂಬುದನ್ನು ಗೆದ್ದಲು ಹೇಳುವುದಿಲ್ಲ, ಮಾಟ ಹೇಳುತ್ತದೆ. ಸಂಖ್ಯಾಶಾಸ್ತ್ರಕ್ಕೆ ಇದಕ್ಕೆ ಉತ್ತರವಿದೆ: ಯಾಕೂ ಇಲ್ಲ. ಅದು ಸರಿಯಾದ ಉತ್ತರವೇ. ಆದರೆ ಹಾಲು ಬಿಗಿದ ಎದೆಯ ಹೆಂಗಸಿಗೆ ಅದನ್ನು ಹೇಳುವ ಧೈರ್ಯ ನನಗಂತೂ ಇರಲಿಲ್ಲ. ಸವದತ್ತಿಯಲ್ಲಿ ಅವಳಿಗೆ ಉತ್ತರ ಸಿಕ್ಕಿತೆಂದು ನಾನು ಭಾವಿಸುವುದಿಲ್ಲ. ಕೈಗೆ ಮಾಡಲು ಏನೋ ಸಿಕ್ಕಿತು, ಪಕ್ಕದಲ್ಲಿ ಅಳುವವರು ಸಿಕ್ಕರು.

ಇಷ್ಟನ್ನು ಒಪ್ಪಿದರೂ ನನಗೆ ಸಹನೆಯಾಗದ್ದು ಒಂದಿದೆ. ಗ್ರಹಣ ಬಂತೆಂದರೆ ಸಾಕು, ಗ್ರಹಣದಲ್ಲಿ ಸೂರ್ಯನಿಂದ ವಿಶೇಷ ಕಿರಣಗಳು ಹೊರಟು ಅನ್ನ ಕೆಡುತ್ತದೆಂದೂ, ನಮ್ಮ ಹಿರಿಯರು ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರೆಂದೂ ವಾಟ್ಸ್‌ಆ್ಯಪ್‌ನಲ್ಲಿ ಬರತೊಡಗುತ್ತದೆ. ಕಳಿಸುವವರು ಹೆಚ್ಚಾಗಿ ಎಂಜಿನಿಯರುಗಳು. ಚಂದ್ರ ಅಡ್ಡ ಬಂದದ್ದರಿಂದ ಸೂರ್ಯನಲ್ಲಿ ಏನೂ ಬದಲಾಗುವುದಿಲ್ಲ, ನಮಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ ಅಷ್ಟೇ. ಬರಿಗಣ್ಣಿನಿಂದ ನೋಡಿದರೆ ಅಕ್ಷಿಪಟಲ ಸುಡುತ್ತದೆ ಎಂಬುದೊಂದೇ ನಿಜವಾದ ಅಪಾಯ, ಅದು ಗ್ರಹಣವಿಲ್ಲದ ದಿನವೂ ಇದ್ದದ್ದೇ. ಅಜ್ಜಿಗೆ ಈ ಕಿರಣಗಳ ಹಂಗು ಇರಲಿಲ್ಲ. ತನ್ನ ನಡೆಗೆ ಪ್ರಯೋಗಾಲಯದ ಮೊಹರು ಬೇಕೆಂದು ಅವಳಿಗೆ ಅನಿಸಿರಲೇ ಇಲ್ಲ. ಭಾನುವಾರವೂ ನಿಂತ ಒನಕೆ ಅವಳನ್ನು ಕದಲಿಸದಿದ್ದುದು ಅದಕ್ಕೇ. ನಡೆದುಕೊಳ್ಳಲು ನಾಚುವವರು, ಬಿಡಲು ಅಂಜುವವರು ಮಾತ್ರ ಅದಕ್ಕೆ ವಿಜ್ಞಾನದ ಅಂಗಿ ತೊಡಿಸುತ್ತಾರೆ, ಹಾಗೆ ತೊಡಿಸಿದ ಕ್ಷಣದಿಂದ ಅದು ಸುಳ್ಳಾಗುತ್ತದೆ.

ಈಗ ಅವ್ವನ ವಿಷಯಕ್ಕೆ ಬರಬೇಕು. ಅಪ್ಪನ ಸ್ನಾನವನ್ನು ನಾನು ಮೆಚ್ಚತೊಡಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಸಂಜೆ ಆ ಗ್ರಹಣದ ಮಾತು ಬಂದಾಗ ಅವ್ವ, "ನನಗ ನೆನಪಿರೂದು ನೀರಡಿಕಿ ಒಂದ" ಎಂದಳು. ಗ್ರಹಣಕ್ಕೆ ಮುಂಚೆಯೇ ಊಟ ಬಿಡಬೇಕೆನ್ನುವ ವೇಧದ ಲೆಕ್ಕ ಹಿಡಿದು ಬೆಳಗಿನಿಂದಲೇ ಅವಳಿಗೆ ಊಟವಿರಲಿಲ್ಲ. ಗ್ರಹಣ ಹಿಡಿದು ಬಿಡುವವರೆಗಿನ ಎರಡು ತಾಸಿಗೂ ಮಿಕ್ಕ ಹೊತ್ತು ಹನಿ ನೀರೂ ಇರಲಿಲ್ಲ. ಮೈದಾನದಲ್ಲಿ ಕರೋನಾ ನೋಡುತ್ತ ನಿಂತಿದ್ದ ಗಂಡನಿಗೆ, ಬಸುರಿಗೆ ನೀರು ಕುಡಿಸುವುದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಹೇಳಲಿಲ್ಲ. ತಾಯಿಯ ಮನಸ್ಸನ್ನು ಕಾಯಲು ಅಪ್ಪ ತೆತ್ತದ್ದು ಒಂದು ಕೊಡ ತಣ್ಣೀರು; ಉಳಿದದ್ದನ್ನು ತೆತ್ತವಳು ಅವ್ವ, ಅವಳನ್ನು ಯಾರೂ ಕೇಳಿರಲಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು, ವಾಸಿಯಾಗಲೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದ ಚಿತ್ರಗಳನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಗೋಡೆಗೆ ಆತು ಕೂತಿದ್ದ ಅವ್ವ. ಆ ತಂದೆತಾಯಿಗಳಿಗೂ ಮಕ್ಕಳ ಮೇಲೆ ಪ್ರೀತಿಯಿತ್ತು, ಬಹುಶಃ ಎಲ್ಲ ದವಾಖಾನೆಗಳನ್ನೂ ಸುತ್ತಿ ಸೋತಿದ್ದರು. ಮಣ್ಣಿನಲ್ಲಿ ಇದ್ದದ್ದು ಮಾತ್ರ ಮಕ್ಕಳು. ಹಾಗಾಗಿ ಈಗ ಯಾರಾದರೂ ಒಂದು ಆಚರಣೆಯನ್ನು ಸಮರ್ಥಿಸಿದರೆ ಅದು ನಿಜವೋ ಸುಳ್ಳೋ ಎಂದು ನಾನು ಮೊದಲು ಕೇಳುವುದಿಲ್ಲ. ನಡೆದುಕೊಳ್ಳುವವರು ಯಾರು, ನೀರಡಿಸುವವರು ಯಾರು ಎಂದು ನೋಡುತ್ತೇನೆ. ಎರಡೂ ಒಬ್ಬರೇ ಆಗಿದ್ದರೆ ನನಗೆ ತಕರಾರಿಲ್ಲ.

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಧಾರವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ ನಾನೂ ಮಗಳೂ ಚಾಪೆ ಹಾಸಿಕೊಂಡು ಕೂತಿದ್ದೆವು. ಮೋಡ ಸರಿದಾಗಲೆಲ್ಲ ಅವಳು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. ಹನ್ನೊಂದಕ್ಕೆ ಚಂದ್ರ ಪೂರ್ತಿ ಕೆಂಪಾದ. ಹನ್ನೆರಡು ದಾಟಿದ ಮೇಲೆ ನಾನು ಕೆಳಗಿಳಿದು ಹೋಗಿ ಬಚ್ಚಲಿನ ಗೀಸರ್ ಹಾಕಿದೆ. ಹಿಂದೆಯೇ ನೀರು ಕುಡಿಯಲು ಬಂದ ಮಗಳು, "ಈ ಹೊತ್ತಿನ್ಯಾಗ ಸ್ನಾನ ಯಾಕ ಅಪ್ಪಾ? ಗ್ರಹಣಕ್ಕೇನು?" ಎಂದು ನಗುತ್ತ ಕೇಳಿದಳು. ಅಪ್ಪ ಹೇಳಿದ ಮಾತನ್ನೇ ಹೇಳಲು ಬಾಯಿ ತೆರೆದೆ. ಆಮೇಲೆ ಹೊಳೆಯಿತು, ಈ ಮನೆಯಲ್ಲಿ ಅಜ್ಜಿಯಿಲ್ಲ, ಅಪ್ಪನೂ ಇಲ್ಲ, ಬೇರೆ ಯಾರೂ ನನ್ನಿಂದ ಸ್ನಾನವನ್ನು ನಿರೀಕ್ಷಿಸುತ್ತಿಲ್ಲ. ಉತ್ತರ ಹುಡುಕುತ್ತ ನಿಂತ ನನ್ನನ್ನು ಅವಳು ಸ್ವಲ್ಪ ಹೊತ್ತು ನೋಡಿ, ಫ್ರಿಜ್ಜಿನಿಂದ ಬಾಟಲಿ ತೆಗೆದು ಗಟಗಟ ಕುಡಿದು, "ನೀರು ಕಾಯೂ ತನಕ ಮ್ಯಾಲ ಬಾ, ಬಿಡಾಕತ್ತೈತಿ" ಎಂದಳು. ಇಬ್ಬರೂ ಮತ್ತೆ ಮಾಳಿಗೆ ಹತ್ತಿದಾಗ ಚಂದ್ರನ ಒಂದು ಅಂಚು ಬೆಳ್ಳಗಾಗತೊಡಗಿತ್ತು.